ಸ್ಯಾಂಡರ್ಸನ್ ಓದಿ ಓದಿ ಸಾಕಾಗಿದೆ, ಬಿಡಲೇ ಮುಗಿಸಲೇ?

ಪ್ರಶ್ನೆ: ಬ್ರ್ಯಾಂಡನ್ ಸ್ಯಾಂಡರ್ಸನ್ ನನ್ನ ಅಚ್ಚುಮೆಚ್ಚಿನ ಫ್ಯಾಂಟಸಿ ಲೇಖಕರು. ‘ಮಿಸ್ಟ್‌ಬಾರ್ನ್’ನ ಮೊದಲ ಮೂರು ಪುಸ್ತಕ, ‘ಎಲಾಂಟ್ರಿಸ್’, ‘ವಾರ್‌ಬ್ರೇಕರ್’, ಆಮೇಲೆ ‘ಸ್ಟಾರ್ಮ್‌ಲೈಟ್ ಆರ್ಕೈವ್’ನ ನಾಲ್ಕು ಸಂಪುಟ, ಹೀಗೆ ಹತ್ತು ತಿಂಗಳಲ್ಲಿ ಒಂದರ ಬೆನ್ನಿಗೆ ಒಂದು ಓದಿದೆ. ಐದನೆಯ ಸಂಪುಟ ‘ವಿಂಡ್ ಆ್ಯಂಡ್ ಟ್ರುತ್’ನ ಓದು ‘ಮೂರನೆಯ ದಿನ’ ಎಂಬ ಭಾಗದ ನಡುವೆ ನಿಂತುಹೋಗಿದೆ. ಮುಂದೇನಾಗುತ್ತದೆ ಎಂಬುದು ಮೊದಲೇ ಗೊತ್ತಿದೆ ಅನ್ನಿಸುತ್ತದೆ. ಒಂದು ಕಾಲಕ್ಕೆ ಕಣ್ಣು ಒದ್ದೆ ಮಾಡಿಸಿದ ಪಾತ್ರಗಳು ಈಗ ಕಿರಿಕಿರಿ ಮಾಡುತ್ತಿವೆ. ಪುಸ್ತಕವೇ ಸಪ್ಪೆಯೋ, ನನ್ನ ರುಚಿ ಬದಲಾಯಿತೋ? ಹಠ ಹಿಡಿದು ಮುಗಿಸಲೇ, ಅಥವಾ ಬಿಟ್ಟುಬಿಡಲೇ?

ಉತ್ತರ: ನೀವು ಹೆಸರಿಸಿದ ಪುಸ್ತಕಗಳನ್ನು ಪದಗಳಲ್ಲಿ ಲೆಕ್ಕ ಹಾಕಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಮಿಸ್ಟ್‌ಬಾರ್ನ್‌ನ ಮೊದಲ ಮೂರು ಪುಸ್ತಕ ಸೇರಿ ಸುಮಾರು 7 ಲಕ್ಷ ಪದ. ಎಲಾಂಟ್ರಿಸ್, ವಾರ್‌ಬ್ರೇಕರ್ ತಲಾ 2 ಲಕ್ಷದ ಆಸುಪಾಸು. ಸ್ಟಾರ್ಮ್‌ಲೈಟ್‌ನ ನಾಲ್ಕು ಸಂಪುಟ ಸುಮಾರು 17 ಲಕ್ಷ. ಒಟ್ಟು 28 ಲಕ್ಷದಷ್ಟಾಯಿತು. ಟೋಲ್ಕಿನ್ ಅವರ ‘ದ ಲಾರ್ಡ್ ಆಫ್ ದ ರಿಂಗ್ಸ್’ ಪೂರ್ತಿ ಸೇರಿದರೆ 4.8 ಲಕ್ಷ ಪದದ ಹತ್ತಿರ ಬರುತ್ತದೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ ಆರು ಸಲ ಓದುವಷ್ಟನ್ನು ನೀವು ಹತ್ತು ತಿಂಗಳಲ್ಲಿ ಒಬ್ಬರೇ ಲೇಖಕರ ಕೈಯಿಂದ ಪಡೆದಿದ್ದೀರಿ. ಸರಾಸರಿ ತೆಗೆದರೆ ದಿನಕ್ಕೆ 9,000 ಪದಕ್ಕೂ ಮೇಲೆ, ಒಂದು ದಿನವೂ ತಪ್ಪದೆ. ಈಗ ಕೈಯಲ್ಲಿರುವ ಐದನೆಯ ಸಂಪುಟವೊಂದೇ ಮತ್ತೆ 4.9 ಲಕ್ಷ ಪದದಷ್ಟಿದೆ.

ಇದೇ ಪುಸ್ತಕಗಳು ಹೊರಬಂದ ವರ್ಷಗಳನ್ನು ಪಕ್ಕದಲ್ಲಿಟ್ಟು ನೋಡಿ. ಎಲಾಂಟ್ರಿಸ್ 2005. ಮಿಸ್ಟ್‌ಬಾರ್ನ್ 2006ರಿಂದ 2008. ವಾರ್‌ಬ್ರೇಕರ್ 2009. ಸ್ಟಾರ್ಮ್‌ಲೈಟ್‌ನ ಮೊದಲ ಸಂಪುಟ ‘ದ ವೇ ಆಫ್ ಕಿಂಗ್ಸ್’ 2010ರಲ್ಲಿ ಬಂತು. ಎರಡನೆಯದಕ್ಕೆ 2014ರವರೆಗೆ ಕಾಯಬೇಕಾಯಿತು, ಮೂರನೆಯದಕ್ಕೆ 2017, ನಾಲ್ಕನೆಯದಕ್ಕೆ 2020, ಐದನೆಯದಕ್ಕೆ 2024ರ ಡಿಸೆಂಬರ್. ಬಂದ ಹಾಗೆ ಓದಿದವರು ಎರಡು ಸಂಪುಟಗಳ ನಡುವೆ ಮೂರು ನಾಲ್ಕು ವರ್ಷ ಬೇರೆ ಲೇಖಕರನ್ನು ಓದಿದರು, ಅರ್ಧ ಕಥೆ ಮರೆತರು, ಮತ್ತೆ ಹಸಿವಿನಿಂದ ಬಂದರು. ಲೇಖಕರಿಗೂ ಇದು ಗೊತ್ತು. ಹಾಗಾಗಿಯೇ ಒಬ್ಬ ಪಾತ್ರಧಾರಿಯ ನೋವು ಯಾವುದು, ಅವನ ಶಕ್ತಿ ಹೇಗೆ ಕೆಲಸ ಮಾಡುತ್ತದೆ, ಯಾರ ಮೇಲೆ ಯಾರಿಗೆ ಸಿಟ್ಟು ಎಂಬುದನ್ನು ಪ್ರತಿ ಸಂಪುಟದ ಆರಂಭದ ಅಧ್ಯಾಯಗಳಲ್ಲಿ ಕಥೆಯೊಳಗೇ ನೆನಪಿಸುತ್ತಾರೆ. ನಾಲ್ಕು ವರ್ಷದ ಮೇಲೆ ಮರಳಿದವರಿಗೆ ಅದು ಆಸರೆ. ಹಿಂದಿನ ವಾರವಷ್ಟೇ ಹಿಂದಿನ ಸಂಪುಟ ಮುಗಿಸಿದವರಿಗೆ ಹೇಳಿದ್ದನ್ನೇ ಹೇಳಿದಂತೆ ಕೇಳಿಸುತ್ತದೆ. ನಿಮ್ಮ ಬೇಸರದ ದೊಡ್ಡ ಪಾಲು ಹುಟ್ಟಿದ್ದು ಇಲ್ಲಿ: ಹದಿನೈದು ವರ್ಷಗಳ ಬರವಣಿಗೆಯ ನಡುವೆ ಇದ್ದ ಬಿಡುವುಗಳು ನಿಮ್ಮ ಓದಿನಲ್ಲಿ ಮಾಯವಾದವು.

ಉಳಿದ ಪಾಲು ಇನ್ನೊಂದು ಕಾರಣದ್ದು, ಅದು ಸ್ವಲ್ಪ ಸೂಕ್ಷ್ಮ. ನೀವು ಅವರ ಕಟ್ಟೋಣವನ್ನು ಕಲಿತುಬಿಟ್ಟಿದ್ದೀರಿ. ಎಲ್ಲ ಲೇಖಕರಿಗೂ ತಮ್ಮದೇ ಪಟ್ಟುಗಳಿರುತ್ತವೆ. ಸ್ಯಾಂಡರ್ಸನ್ ತಮ್ಮ ಪಟ್ಟುಗಳನ್ನು ಬಚ್ಚಿಡುವುದಿಲ್ಲ. ಅವರು ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಕಥೆ ಬರೆಯುವುದನ್ನು ಕಲಿಸುತ್ತಾರೆ, ಆ ಪಾಠಗಳು ಯೂಟ್ಯೂಬ್‌ನಲ್ಲಿವೆ. ಓದುಗರಿಗೆ ಮೊದಲು ಒಂದು ಮಾತು ಕೊಡಬೇಕು, ಆಮೇಲೆ ಅದರತ್ತ ಹೆಜ್ಜೆ ಹೆಜ್ಜೆಯಾಗಿ ಸಾಗಬೇಕು, ಕೊನೆಗೆ ಕೊಟ್ಟ ಮಾತು ತೀರಿಸಬೇಕು ಎನ್ನುವುದು ಆ ಪಾಠಗಳ ತಿರುಳು. ಒಂಬತ್ತು ಪುಸ್ತಕ ಸತತವಾಗಿ ಓದಿದವರ ಮನಸ್ಸು ಈ ಮೂರು ಹಂತಗಳನ್ನು ತಾನಾಗಿಯೇ ಗುರುತಿಸತೊಡಗುತ್ತದೆ. ಒಂದು ಅಧ್ಯಾಯದಲ್ಲಿ ಯಾರೋ ಒಂದು ವಸ್ತುವನ್ನು ಬೇಕೆಂದೇ ವಿವರಿಸಿದರೆ, 600 ಪುಟದಾಚೆ ಅದು ಯಾವ ಕೆಲಸಕ್ಕೆ ಬರುತ್ತದೆ ಎಂದು ನೀವು ಆಗಲೇ ಊಹಿಸುತ್ತೀರಿ.

ನಿಮ್ಮ ಮನಸ್ಸು ಹಿಡಿದಿರಬಹುದಾದ ಪಟ್ಟುಗಳನ್ನು ಹೆಸರಿಸಿಯೇ ಹೇಳುತ್ತೇನೆ. ಬೇಸರಕ್ಕೆ ಹೆಸರು ಸಿಕ್ಕರೆ ಅದನ್ನು ನಿಭಾಯಿಸುವುದು ಸುಲಭ. ನೀವು ಇನ್ನೂ ಓದದ ಭಾಗದ ಗುಟ್ಟು ಯಾವುದನ್ನೂ ಇಲ್ಲಿ ಬಿಟ್ಟುಕೊಡುವುದಿಲ್ಲ.

ಎಲ್ಲಕ್ಕಿಂತ ಎದ್ದು ಕಾಣುವುದು ಕೊನೆಯ ಧಾವಂತ. ಪುಸ್ತಕದ ಕೊನೆಯ ಹತ್ತು ಹದಿನೈದು ಪ್ರತಿಶತದಲ್ಲಿ ಬಿಡಿಬಿಡಿಯಾಗಿ ಹರಿಯುತ್ತಿದ್ದ ಎಲ್ಲ ಎಳೆಗಳೂ ಒಟ್ಟಿಗೆ ಕೂಡುತ್ತವೆ, ಅಧ್ಯಾಯಗಳು ಚಿಕ್ಕದಾಗುತ್ತವೆ, ದೃಷ್ಟಿಕೋನ ಪುಟಪುಟಕ್ಕೂ ಬದಲಾಗುತ್ತದೆ. ಅಭಿಮಾನಿಗಳು ಇದನ್ನು ‘ಸ್ಯಾಂಡರ್‌ಲಾಂಚ್’ ಎಂದೇ ಕರೆಯುತ್ತಾರೆ. ಈ ಬಿರುಸಿಗಾಗಿಯೇ ಜನ ಇವರನ್ನು ಓದುತ್ತಾರೆ. ಆದರೆ ಇದರ ಬೆಲೆಯನ್ನು ನಡುವಿನ ಭಾಗ ತೆರುತ್ತದೆ. ಕೊನೆಯ ಬಿರುಸಿನ ರುಚಿ ಹತ್ತಿದವರಿಗೆ ಮಧ್ಯದ 700 ಪುಟ ಬರೀ ಕಾಯುವ ಕೋಣೆಯಾಗುತ್ತದೆ. ವಿಂಡ್ ಆ್ಯಂಡ್ ಟ್ರುತ್‌ನಲ್ಲಿ ಇದು ಇನ್ನೂ ತೀವ್ರ. ಹಿಂದಿನ ಸಂಪುಟಗಳು ಐದು ಭಾಗಗಳಾಗಿದ್ದವು. ಇದು ಹತ್ತು ದಿನಗಳಾಗಿ ವಿಂಗಡವಾಗಿದೆ, ಹತ್ತನೆಯ ದಿನ ಏನೋ ನಡೆಯಲಿದೆ ಎಂದು ಮೊದಲೇ ಗೊತ್ತು. ಮೂರನೆಯ ದಿನದಲ್ಲಿ ನಿಂತವರು ನೀವೊಬ್ಬರೇ ಆಗಿರಲಾರಿರಿ: ಆರಂಭದ ಕುತೂಹಲ ಅಷ್ಟರಲ್ಲಿ ಇಳಿದಿರುತ್ತದೆ, ಕೊನೆಯ ಬಿರುಸು ಇನ್ನೂ ಏಳು ದಿನ ದೂರವಿರುತ್ತದೆ.

ಎರಡನೆಯದು ಪ್ರತಿಜ್ಞೆಗಳು. ಸ್ಟಾರ್ಮ್‌ಲೈಟ್‌ನಲ್ಲಿ ನೈಟ್ಸ್ ರೇಡಿಯಂಟ್ ಎಂಬ ಮಾಯಾಶಕ್ತಿಯ ಯೋಧರ ಪಂಗಡಗಳಲ್ಲಿ ಸಾಮಾನ್ಯವಾಗಿ ಐದು ಪ್ರತಿಜ್ಞೆಗಳ ಏಣಿ ಇದೆ. ಪಾತ್ರ ಕುಸಿಯುತ್ತದೆ, ಎಲ್ಲ ಮುಗಿಯಿತು ಎನ್ನುವ ಕ್ಷಣದಲ್ಲಿ ತನ್ನ ಬಗ್ಗೆ ಒಂದು ಸತ್ಯ ಒಪ್ಪಿಕೊಳ್ಳುತ್ತದೆ, ಮುಂದಿನ ಮಾತು ಉಚ್ಚರಿಸುತ್ತದೆ, ಶಕ್ತಿ ಉಕ್ಕುತ್ತದೆ. ಮೊದಲ ಸಲ ಮೈ ಜುಮ್ಮೆನ್ನುತ್ತದೆ. ಐದಾರು ಪಾತ್ರಗಳ ಮೂಲಕ, ಕೆಲವೇ ತಿಂಗಳಲ್ಲಿ, ಮತ್ತೆ ಮತ್ತೆ ನೋಡಿದವರಿಗೆ ಪಾತ್ರದ ಸಂಕಟವೇ ಮುಂದಿನ ಮೆಟ್ಟಿಲಿನ ಸೂಚನೆಯಾಗಿ ಕಾಣತೊಡಗುತ್ತದೆ. ಕಣ್ಣು ಒದ್ದೆ ಮಾಡಿಸಿದ ಪಾತ್ರ ಈಗ ಕಿರಿಕಿರಿ ಮಾಡುತ್ತಿದೆ ಎಂದಿರಲ್ಲ, ಅದರ ಮೂಲ ಬಹುಪಾಲು ಇದೇ. ಪಾತ್ರದ ಮನಸ್ಸು ನಿಧಾನವಾಗಿ ಗುಣವಾಗುವುದು, ಮತ್ತೆ ಬೀಳುವುದು, ಮತ್ತೆ ಏಳುವುದು ನಿಜಜೀವನಕ್ಕೆ ಹತ್ತಿರವಾದದ್ದು. ಅದನ್ನು ಇಷ್ಟು ತಾಳ್ಮೆಯಿಂದ ಬರೆದದ್ದಕ್ಕೆ ಸ್ಯಾಂಡರ್ಸನ್ ಅವರನ್ನು ಮೆಚ್ಚಲೇಬೇಕು. ಬಿಡುವಿಲ್ಲದೆ ಓದಿದಾಗ ಮಾತ್ರ ಆ ತಾಳ್ಮೆ ಸುತ್ತುಹೊಡೆದಂತೆ ಕಾಣುತ್ತದೆ.

ಮೂರನೆಯದು ಮಾಯೆಯ ನಿಯಮಾವಳಿ. ಓದುಗರಿಗೆ ಮಾಯಾಶಕ್ತಿ ಎಷ್ಟು ಚೆನ್ನಾಗಿ ಅರ್ಥವಾಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಅದರಿಂದ ಕಥೆಯ ಬಿಕ್ಕಟ್ಟು ಬಿಡಿಸಬಹುದು ಎನ್ನುವುದು ಅವರು 2007ರಲ್ಲಿ ಮಂಡಿಸಿದ ಮೊದಲ ನಿಯಮ. ಮಿಸ್ಟ್‌ಬಾರ್ನ್‌ನಲ್ಲಿ ಲೋಹ ನುಂಗಿ ಉರಿಸುವ ವಿದ್ಯೆ ಇದಕ್ಕೆ ಒಳ್ಳೆಯ ಉದಾಹರಣೆ: ಉಕ್ಕು ಲೋಹವನ್ನು ತಳ್ಳುತ್ತದೆ, ಕಬ್ಬಿಣ ಸೆಳೆಯುತ್ತದೆ, ತವರ ಇಂದ್ರಿಯಗಳನ್ನು ಚುರುಕು ಮಾಡುತ್ತದೆ. ಕಲಿಯುವ ಸುಖ ಅದರಲ್ಲಿದೆ. ಮೂರನೆಯ, ನಾಲ್ಕನೆಯ ವ್ಯವಸ್ಥೆಯನ್ನು ಕಲಿಯುವ ಹೊತ್ತಿಗೆ ಅದೇ ಸುಖ ಪರೀಕ್ಷೆಯ ತಯಾರಿಯಂತಾಗಬಹುದು. ಅದರಲ್ಲೂ ಈ ಲೋಕಗಳೆಲ್ಲ ‘ಕಾಸ್ಮಿಯರ್’ ಎಂಬ ಒಂದೇ ವಿಶ್ವಕ್ಕೆ ಸೇರಿದವು, ಒಂದರ ಪಾತ್ರ ಇನ್ನೊಂದರಲ್ಲಿ ಇಣುಕುತ್ತದೆ. ಯಾವ ಹೆಸರು ಮರೆತರೆ ಏನು ತಪ್ಪಿಹೋಗುತ್ತದೋ ಎಂಬ ಆತಂಕ ಓದಿನ ಬೆನ್ನಿಗಂಟಿಕೊಳ್ಳುತ್ತದೆ.

ಜನ ನಂಬಿಕೊಂಡು ಬಂದ ಇತಿಹಾಸ ಅಥವಾ ದೇವರ ಕಥೆ ಸುಳ್ಳೆಂದು ತಿಳಿಯುವ ತಿರುವು, ನಗೆಮಾತಿಗೆ ಹುಬ್ಬೇರಿಸುವ ಪಾತ್ರಗಳು, ಇವು ಸಣ್ಣಪುಟ್ಟವು. ಗದ್ಯದ ಬಗ್ಗೆ ಒಂದು ಮಾತು ಹೇಳಬೇಕು. ಸ್ಯಾಂಡರ್ಸನ್ ಅವರದು ಬೇಕೆಂದೇ ಸರಳವಾಗಿ ಇಟ್ಟುಕೊಂಡ ಇಂಗ್ಲಿಷ್. ಕನ್ನಡ ಮಾತೃಭಾಷೆಯ ಓದುಗರು ನಿಘಂಟು ತೆರೆಯದೆ ದಿನಕ್ಕೆ 50 ಪುಟ ಓದಬಲ್ಲರು, ಇಷ್ಟು ಬೇಗ ಇಷ್ಟೊಂದು ಓದಲು ಸಾಧ್ಯವಾದದ್ದೂ ಅದರಿಂದಲೇ. ಆದರೆ ವಾಕ್ಯದಲ್ಲಿ ತಡೆದು ನಿಲ್ಲಿಸುವಂಥದ್ದು ಏನೂ ಇಲ್ಲದಿದ್ದಾಗ ಮುಂದೇನು ಎಂಬ ಕುತೂಹಲವೊಂದೇ ಪುಟ ತಿರುಗಿಸುತ್ತದೆ. ಆ ಕುತೂಹಲ ಸೊರಗಿದರೆ ಹಿಡಿದುಕೊಳ್ಳಲು ಬೇರೆ ಏನೂ ಉಳಿಯುವುದಿಲ್ಲ. ತಾಳಮದ್ದಲೆಯಲ್ಲಿ ಒಂದೇ ಪ್ರಸಂಗವನ್ನು ವರ್ಷಕ್ಕೆ ಹತ್ತು ಸಲ ಕೇಳಿದರೂ ಜನ ಎದ್ದುಹೋಗದಿರುವುದು ಇದಕ್ಕೇ. ಕೃಷ್ಣ ಸಂಧಾನದ ಕೊನೆ ಏನೆಂದು ಎಲ್ಲರಿಗೂ ಗೊತ್ತು, ಅರ್ಥಧಾರಿ ಈ ರಾತ್ರಿ ಯಾವ ಮಾತು ಹೂಡುತ್ತಾರೆ ಎಂಬುದು ಯಾರಿಗೂ ಗೊತ್ತಿಲ್ಲ.

ಇನ್ನು ನಿಮ್ಮ ಮೊದಲ ಪ್ರಶ್ನೆ: ದೋಷ ಪುಸ್ತಕದ್ದೋ ನಿಮ್ಮದೋ? ಇದನ್ನು ಮೂರು ಸಂಜೆಗಳಲ್ಲಿ ತಿಳಿಯಬಹುದು. ಮೊದಲ ಸಂಜೆ, ಇದುವರೆಗೆ ಓದಿದ್ದರಲ್ಲಿ ನಿಮಗೆ ತುಂಬ ಇಷ್ಟವಾದ ಅಧ್ಯಾಯ ತೆಗೆದು 20–25 ಪುಟ ಓದಿ. ಅದು ಮೊದಲ ಪುಸ್ತಕಗಳದ್ದಾಗಿರಲಿ. ಎರಡನೆಯ ಸಂಜೆ, ನೀವು ಎಂದೂ ಓದದ ಲೇಖಕರ ತೆಳ್ಳನೆಯ ಪುಸ್ತಕವೊಂದರ ಮೊದಲ 40 ಪುಟ ಓದಿ. ಮೂರನೆಯ ಸಂಜೆ, ವಿಂಡ್ ಆ್ಯಂಡ್ ಟ್ರುತ್‌ನ ಮೂರನೆಯ ದಿನವನ್ನು ಮೊದಲಿನಿಂದ ತೆಗೆದು 20 ಪುಟ ಓದಿ, ಕೈಯಲ್ಲಿ ಪೆನ್ಸಿಲ್ ಇರಲಿ. ಎಲ್ಲೆಲ್ಲಿ ಬೇಸರವಾಯಿತೋ ಅಲ್ಲಿ ಅಂಚಿನಲ್ಲಿ ಒಂದಕ್ಷರ ಬರೆಯಿರಿ: ಮುಂದಾಗುವುದು ಗೊತ್ತಾಗಿಬಿಟ್ಟಿದ್ದರೆ ‘ಊ’, ಮಾತುಕತೆಯೋ ಭಾಷೆಯೋ ಚುಚ್ಚಿದರೆ ‘ಮಾ’, ಯಾರಿವರು ಎಂದು ನೆನಪಾಗದಿದ್ದರೆ ‘ಹೆ’, ಸುಮ್ಮನೆ ಉದ್ದವಾಯಿತು ಅನ್ನಿಸಿದರೆ ‘ಉ’. ಕಿಂಡಲ್‌ನಲ್ಲಿ ಓದುವವರು ಟಿಪ್ಪಣಿಯಾಗಿ ಹಾಕಿಕೊಳ್ಳಬಹುದು. ಮೂರೂ ಸಂಜೆ ಫೋನ್ ಬೇರೆ ಕೋಣೆಯಲ್ಲಿರಲಿ, ಇಲ್ಲದಿದ್ದರೆ ಬೇಸರ ಪುಸ್ತಕದ್ದೋ ಫೋನಿನದ್ದೋ ತಿಳಿಯುವುದಿಲ್ಲ.

ಫಲಿತಾಂಶ ಓದುವುದು ಹೀಗೆ. ಹಳೆಯ ಅಧ್ಯಾಯವೂ ಸಪ್ಪೆ, ಹೊಸ ಲೇಖಕರೂ ಸಪ್ಪೆ ಎಂದಾದರೆ ಅದು ಓದಿನ ದಣಿವೇ ಹೊರತು ಸ್ಯಾಂಡರ್ಸನ್‌ಗೆ ಸಂಬಂಧಿಸಿದ್ದಲ್ಲ. ನಿದ್ದೆ, ಕೆಲಸದ ಒತ್ತಡ, ಕಣ್ಣಿನ ಸಮಸ್ಯೆಗಳನ್ನು ಮೊದಲು ನೋಡಿಕೊಳ್ಳಿ, ಎರಡು ಮೂರು ವಾರ ಕಾದಂಬರಿಯನ್ನೇ ಬಿಡಿ. ಹೊಸ ಲೇಖಕರು ಹಿಡಿಸಿ ಹಳೆಯ ಅಧ್ಯಾಯ ಸಪ್ಪೆಯಾದರೆ ನಿಮಗೆ ಆಗಿರುವುದು ಅತಿಪರಿಚಯ, ಅದಕ್ಕೆ ಮದ್ದು ಬಿಡುವು. ಹಳೆಯ ಅಧ್ಯಾಯ ಈಗಲೂ ಸೊಗಸಾಗಿದ್ದು ಐದನೆಯ ಸಂಪುಟ ಮಾತ್ರ ಹಿಡಿಸದಿದ್ದರೆ ತಕರಾರು ಈ ಪುಸ್ತಕದ ಜೊತೆಗೇ ಇದೆ. ಈ ಮೂರನೆಯ ಸಾಧ್ಯತೆಯನ್ನು ಅಭಿಮಾನಿಗಳು ಒಪ್ಪಲು ಹಿಂಜರಿಯುತ್ತಾರೆ, ಹಿಂಜರಿಯಬೇಕಿಲ್ಲ. ವಿಂಡ್ ಆ್ಯಂಡ್ ಟ್ರುತ್‌ನಲ್ಲಿ ಪಾತ್ರಗಳು ತಮ್ಮ ಮನಸ್ಸಿನ ಬಗ್ಗೆ ಇಂದಿನ ಆಪ್ತಸಮಾಲೋಚಕರ ಭಾಷೆಯಲ್ಲಿ ಮಾತಾಡುವುದು ಹಿಂದಿನ ಸಂಪುಟಗಳಿಗಿಂತ ಹೆಚ್ಚು, ಮತ್ತು ನೂರಾರು ಪುಟ ಕತ್ತರಿಸಿದ್ದರೂ ಕಥೆ ನಿಲ್ಲುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಅಂಚಿನಲ್ಲಿ ‘ಮಾ’ ಮತ್ತು ‘ಉ’ ಹೆಚ್ಚಿದ್ದರೆ ನಿಮ್ಮ ರುಚಿಯನ್ನು ಶಂಕಿಸಬೇಡಿ. ‘ಊ’ ಹೆಚ್ಚಿದ್ದರೆ ಬಿಡುವು ಕೆಲಸ ಮಾಡುತ್ತದೆ. ‘ಹೆ’ ಹೆಚ್ಚಿದ್ದರೆ ಬಿಡುವು ಒಂದೇ ಸಾಲದು, ಟಿಪ್ಪಣಿ ಬೇಕು.

ನಿಮ್ಮ ವಿವರಣೆ ನೋಡಿದರೆ ಅತಿಪರಿಚಯವೇ ಮುಖ್ಯ ಅನ್ನಿಸುತ್ತದೆ. ಹಾಗಾದರೆ ಹಠ ಹಿಡಿದು ಮುಗಿಸಬೇಡಿ. ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ಒಂದು ಟಿವಿ ಸರಣಿಯನ್ನು ಒಂದೇ ಕೂರಿಕೆಯಲ್ಲಿ ನೋಡಿದವರು ದಿನಕ್ಕೊಂದು ಅಥವಾ ವಾರಕ್ಕೊಂದು ಕಂತು ನೋಡಿದವರಿಗಿಂತ ಕಡಿಮೆ ಆನಂದಪಟ್ಟರು. ಮರುದಿನ ಅವರಿಗೆ ಕಥೆ ಚೆನ್ನಾಗಿ ನೆನಪಿತ್ತು, ಆದರೆ ತಿಂಗಳುಗಳು ಕಳೆದಂತೆ ಆ ನೆನಪು ಬೇಗ ಮಾಸಿತು. ಅದು ಟಿವಿಯದ್ದು, ಕಾದಂಬರಿಗೆ ಯಥಾವತ್ತಾಗಿ ಅನ್ವಯಿಸಲಾಗದು. ಆದರೂ ಈ ಸರಣಿಗೆ ಅದರ ಸೂಚನೆ ಮುಖ್ಯ: ಹತ್ತು ಸಂಪುಟಗಳ ಯೋಜನೆಯ ಮೊದಲರ್ಧ ಐದನೆಯದರಲ್ಲಿ ಮುಗಿಯುತ್ತದೆ, ಹಿಂದಿನ ನಾಲ್ಕರಲ್ಲಿ ಬಿತ್ತಿದ್ದೆಲ್ಲ ಇಲ್ಲಿ ಕೊಯ್ಲಿಗೆ ಬರುತ್ತದೆ. ಬೇಸರದಲ್ಲಿ ಓಡಿಸಿಕೊಂಡು ಓದಿದರೆ ಆ ಕೊಯ್ಲು ಕೈತಪ್ಪುತ್ತದೆ, ಎರಡನೆಯ ಸಲ ಮೊದಲ ಓದು ಸಿಗುವುದೂ ಇಲ್ಲ.

ನಿಲ್ಲಿಸುವುದಕ್ಕೂ ಒಂದು ಕ್ರಮವಿದೆ. ಅಧ್ಯಾಯದ ನಡುವೆ ಪುಸ್ತಕ ಮಡಚಿಟ್ಟವರು ಮರಳುವುದು ಕಷ್ಟ, ಏಕೆಂದರೆ ಬಂದಾಗ ಎಲ್ಲಿಂದ ಹಿಡಿಯಬೇಕೆಂದೇ ತಿಳಿಯುವುದಿಲ್ಲ. ಮೂರನೆಯ ದಿನ ಮುಗಿಯುವವರೆಗೆ ಓದಿ. ದಿನಗಳ ನಡುವೆ ಬರುವ ‘ಇಂಟರ್‌ಲ್ಯೂಡ್’ ಅಧ್ಯಾಯಗಳನ್ನು ಮರಳಿ ಬಂದಾಗಿನ ಓದಿಗೆ ಬಿಡಿ, ಅವು ಬಿಡಿ ಕಥೆಗಳಂತಿರುವುದರಿಂದ ಒಳಹೊಕ್ಕಲು ಅನುಕೂಲ. ನಿಲ್ಲಿಸಿದ ಅದೇ ರಾತ್ರಿ ಒಂದೇ ಒಂದು ಹಾಳೆಯಲ್ಲಿ ಬರೆದಿಡಿ: ಮುಖ್ಯ ಪಾತ್ರಗಳು ಒಬ್ಬೊಬ್ಬರೂ ಈಗ ಎಲ್ಲಿದ್ದಾರೆ, ಯಾರ ಜೊತೆ, ಒಬ್ಬೊಬ್ಬರಿಗೂ ಹತ್ತನೆಯ ದಿನದೊಳಗೆ ಏನಾಗಬೇಕಿದೆ, ಯಾರು ಯಾವ ಪ್ರತಿಜ್ಞೆಯವರೆಗೆ ಬಂದಿದ್ದಾರೆ, ನಿಮಗೆ ಬಿಡಿಸಲಾಗದ ಮೂರು ಪ್ರಶ್ನೆಗಳು, ಮತ್ತು ನಿಮ್ಮ ಊಹೆಗಳು. ಊಹೆ ಬರೆದಿಡುವುದನ್ನು ಮರೆಯಬೇಡಿ. ಎಲ್ಲ ಗೊತ್ತಿದೆ ಎಂಬ ಭಾವನೆ ಎಷ್ಟು ನಿಜವೆಂದು ಮರಳಿದಾಗ ಆ ಹಾಳೆಯೇ ಹೇಳುತ್ತದೆ, ಬಹಳ ಸಲ ಅರ್ಧಕ್ಕಿಂತ ಹೆಚ್ಚು ತಪ್ಪಿರುತ್ತದೆ. ಈ ಹಾಳೆ ಇಲ್ಲದವರು ಮರಳುವಾಗ ಅಭಿಮಾನಿಗಳ ವಿಶ್ವಕೋಶ ‘ಕಾಪರ್‌ಮೈಂಡ್’ ತೆರೆಯುತ್ತಾರೆ, ಒಂದು ಹೆಸರು ಹುಡುಕಲು ಹೋಗಿ ಐದನೆಯ ಸಂಪುಟದ ಕೊನೆಯನ್ನೇ ಓದಿಬಿಡುತ್ತಾರೆ.

ಬಿಡುವು ಎಷ್ಟು? ಹತ್ತು ತಿಂಗಳು ಸತತ ಓದಿದವರಿಗೆ ಮೂರು ತಿಂಗಳು ಕನಿಷ್ಠ, ಆರು ತಿಂಗಳು ಹಿತ. ಅದಕ್ಕಿಂತ ಹೆಚ್ಚಾದರೆ ಹೆಸರುಗಳು ಮರೆಯುತ್ತವೆ, ಆಗ ನಾಲ್ಕನೆಯ ಸಂಪುಟದಿಂದ ಮತ್ತೆ ಆರಂಭಿಸುವ ಆಸೆ ಹುಟ್ಟುತ್ತದೆ, ಆ 4.5 ಲಕ್ಷ ಪದ ಮತ್ತದೇ ದಣಿವು ತರುತ್ತದೆ.

ಸುಮ್ಮನೆ ಕಾಯುವುದರಿಂದ ಬೇಸರ ನಿಧಾನವಾಗಿ ಇಳಿಯುತ್ತದೆ. ನಡುವೆ ಬೇರೆ ಬಗೆಯವನ್ನು ಅನುಭವಿಸಿ, ಆ ವೈವಿಧ್ಯವನ್ನು ನೆನಪು ಮಾಡಿಕೊಂಡರೆ ಬೇಗ ಇಳಿಯುತ್ತದೆ. ಗಲಾಕ್, ರೆಡನ್, ಕ್ರೂಗರ್ ಎಂಬ ಸಂಶೋಧಕರು 2009ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಜನ ತಾವು ನಡುವೆ ಸವಿದ ಬೇರೆಯವನ್ನು ಮರೆತುಬಿಡುತ್ತಾರೆ, ಅದಕ್ಕೇ ಹಳೆಯ ಬೇಸರ ಉಳಿದುಕೊಳ್ಳುತ್ತದೆ. ಹಾಗಾಗಿ ಬಿಡುವಿನಲ್ಲಿ ಓದಿದ ಪುಸ್ತಕಗಳ ಪಟ್ಟಿ ಇಟ್ಟುಕೊಳ್ಳಿ, ಒಂದೊಂದಕ್ಕೂ ಎರಡು ಸಾಲು ಬರೆಯಿರಿ, ಸ್ಟಾರ್ಮ್‌ಲೈಟ್‌ಗೆ ಮರಳುವ ದಿನ ಅದನ್ನು ಒಮ್ಮೆ ಓದಿಕೊಳ್ಳಿ. ಐದು ನಿಮಿಷದ ಕೆಲಸ.

ಯಾವುದನ್ನು ಓದಬೇಕು ಎಂಬುದನ್ನು ನಿಮ್ಮ ಪೆನ್ಸಿಲ್ ಗುರುತುಗಳೇ ಹೇಳುತ್ತವೆ. ನಿಯಮಾವಳಿಯ ಮಾಯೆಯಿಂದ ದಣಿದಿದ್ದರೆ, ಮಾಯೆಯನ್ನು ವಿವರಿಸದವರ ಬಳಿಗೆ ಹೋಗಿ. ಅರ್ಸುಲಾ ಕೆ. ಲ ಗ್ವಿನ್ ಅವರ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ 1968ರದು, 200 ಪುಟದ ಆಸುಪಾಸು. ಒಂದೊಂದು ವಾಕ್ಯಕ್ಕೂ ತೂಕವಿದೆ, ಎರಡು ವಾರಾಂತ್ಯಕ್ಕೆ ಸಾಕು. ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’ 2020ರಲ್ಲಿ ಬಂದದ್ದು, 300 ಪುಟದೊಳಗಿದೆ, ಅದರಲ್ಲಿ ಮುಂದೇನು ಎಂಬುದನ್ನು ಊಹಿಸುವ ನಿಮ್ಮ ಅಭ್ಯಾಸ ಮೊದಲ ನೂರು ಪುಟ ಕೆಲಸಕ್ಕೇ ಬರುವುದಿಲ್ಲ. ಕನ್ನಡದಲ್ಲಿ ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’ವನ್ನು ಈ ಹೊತ್ತಿನಲ್ಲಿ ಓದಬೇಕೆಂದು ಒತ್ತಿ ಹೇಳುತ್ತೇನೆ. ‘ಚಕೋರಿ’ ಮಹಾಕಾವ್ಯದ ಲೋಕದಿಂದ ಹೊರಟ ಕಾದಂಬರಿ ಅದು. ಕಂಬಾರರ ಕಥಾಲೋಕದ ಊರಾದ ಶಿವಾಪುರದಲ್ಲಿ ಮಾಯೆ ಗಾಳಿ ಮಳೆಯಷ್ಟೇ ಸಹಜ, ಅದಕ್ಕೆ ಯಾರೂ ಲೆಕ್ಕ ಕೊಡುವುದಿಲ್ಲ. ಇಂಗ್ಲಿಷ್ ಗದ್ಯದಲ್ಲೇ ತಿಂಗಳುಗಟ್ಟಲೆ ಮುಳುಗಿದ್ದ ಕಿವಿಗೆ ಆ ಕನ್ನಡ ಬೇರೆಯೇ ಚೈತನ್ಯ ಕೊಡುತ್ತದೆ.

ಉದ್ದದಿಂದ ದಣಿದಿದ್ದರೆ ಒಂದೇ ಸಂಪುಟದಲ್ಲಿ ಮುಗಿಯುವವನ್ನು ಆರಿಸಿ: ಗಾಯ್ ಗೇವ್ರಿಯಲ್ ಕೇ ಅವರ ‘ಟಿಗಾನಾ’, ಟೆರ್ರಿ ಪ್ರ್ಯಾಚೆಟ್ ಅವರ ‘ಸ್ಮಾಲ್ ಗಾಡ್ಸ್’. ಪ್ರ್ಯಾಚೆಟ್ ಅವರ ಡಿಸ್ಕ್‌ವರ್ಲ್ಡ್ 41 ಕಾದಂಬರಿಗಳ ಸರಣಿ, ಒಂದನ್ನು ಓದಿ ನಿಲ್ಲಿಸಿ. ಪಾತ್ರಗಳ ನೇರ ಸಜ್ಜನಿಕೆಯಿಂದ ಬೇಸತ್ತಿದ್ದರೆ ರಾಬಿನ್ ಹಾಬ್ ಅವರ ‘ಅಸ್ಯಾಸಿನ್ಸ್ ಅಪ್ರೆಂಟಿಸ್’ ಒಳ್ಳೆಯದು: ಒಬ್ಬನೇ ನಿರೂಪಕ, ನಿಧಾನ ಗತಿ, ಸೋಲುಗಳಿಗೆ ಸುಲಭದ ಪರಿಹಾರವಿಲ್ಲ.

ಈ ಹೊತ್ತಿನಲ್ಲಿ ಬಹಳ ಜನ ಮಾಡುವ ಒಂದು ಆಯ್ಕೆಯ ಬಗ್ಗೆ ಎಚ್ಚರಿಸಲೇಬೇಕು. ಸ್ಯಾಂಡರ್ಸನ್ ಸಾಕು ಎಂದು ರಾಬರ್ಟ್ ಜೋರ್ಡಾನ್ ಅವರ ‘ದ ವೀಲ್ ಆಫ್ ಟೈಮ್’ ಹಿಡಿಯುವುದು. ಅದು 14 ಸಂಪುಟ, 40 ಲಕ್ಷ ಪದಕ್ಕೂ ಮೇಲೆ. ಜೋರ್ಡಾನ್ 2007ರಲ್ಲಿ ತೀರಿಕೊಂಡ ಮೇಲೆ ಕೊನೆಯ ಮೂರು ಸಂಪುಟ ಬರೆದು ಮುಗಿಸಿದವರು ಇದೇ ಸ್ಯಾಂಡರ್ಸನ್. ಒಳ್ಳೆಯ ಸರಣಿ, ಆದರೆ ನಿಮ್ಮ ದಣಿವಿಗೆ ಅದು ಮದ್ದಲ್ಲ. ಬಿಡುವಿನ ಅವಧಿಯಲ್ಲಿ ಮೂರಕ್ಕಿಂತ ಹೆಚ್ಚು ಸಂಪುಟಗಳ ಯಾವ ಸರಣಿಯನ್ನೂ ಶುರು ಮಾಡಬೇಡಿ. ಆಡಿಯೋಬುಕ್ ಕೇಳುತ್ತ ಎರಡು ಪಟ್ಟು ವೇಗದಲ್ಲಿ ಐದನೆಯ ಸಂಪುಟ ಮುಗಿಸಿಬಿಡುವ ಉಪಾಯವನ್ನೂ ಬಿಡಿ. ಮೈಕೆಲ್ ಕ್ರೇಮರ್ ಮತ್ತು ಕೇಟ್ ರೀಡಿಂಗ್ ಓದಿದ ಆ ಧ್ವನಿಮುದ್ರಿಕೆ 60 ಗಂಟೆಗೂ ಹೆಚ್ಚು. ವೇಗ ಹೆಚ್ಚಿಸಿದರೆ ಕಿವಿಗೆ ಬೀಳುವುದು ಬರೀ ಘಟನೆಗಳು, ಅವನ್ನು ನೀವು ಈಗಾಗಲೇ ಊಹಿಸಬಲ್ಲಿರಿ ಎಂಬುದೇ ನಿಮ್ಮ ತೊಂದರೆ. ಅವರ ಬರವಣಿಗೆಯ ಪಾಠಗಳನ್ನೂ ಸದ್ಯಕ್ಕೆ ನೋಡಬೇಡಿ. ಬರೆಯುವವರಿಗೆ ಅವು ಬಹಳ ಉಪಯುಕ್ತ. ಕಟ್ಟೋಣ ಕಣ್ಣಿಗೆ ಹೊಡೆಯುತ್ತಿದೆ ಎಂದು ದೂರುವ ಓದುಗರಿಗೆ ಅವು ಇನ್ನಷ್ಟು ಕಂಬ ತೊಲೆಗಳನ್ನು ತೋರಿಸುತ್ತವೆ.

ಮರಳುವಾಗ ನೇರವಾಗಿ ನಾಲ್ಕನೆಯ ದಿನಕ್ಕೆ ಹಾರಬೇಡಿ. ಮೊದಲು ಅವರದೇ ಚಿಕ್ಕದೊಂದನ್ನು ಓದಿ. ನನ್ನ ಆಯ್ಕೆ ‘ದ ಎಂಪರರ್ಸ್ ಸೋಲ್’, 2012ರ ನೀಳ್ಗತೆ, 200 ಪುಟದೊಳಗಿನದು, ಮರುವರ್ಷ ಹ್ಯೂಗೋ ಪ್ರಶಸ್ತಿ ಪಡೆಯಿತು. ಒಂದು ಕೋಣೆ, ಒಬ್ಬ ಕೈದಿ ಹೆಣ್ಣುಮಗಳು, ನಕಲು ಮಾಡಬೇಕಾದ ಒಂದು ಆತ್ಮ, ಓಡುತ್ತಿರುವ ಗಡುವು. ಯುದ್ಧಗಳ ಸರಮಾಲೆಯಿಲ್ಲ, ಹತ್ತು ಎಳೆಗಳಿಲ್ಲ. ಈ ಲೇಖಕರಿಗೆ ಅಡಕವಾಗಿಯೂ ಬರೆಯಲು ಬರುತ್ತದೆ ಎಂಬುದು ಅದರಲ್ಲಿ ಗೊತ್ತಾಗುತ್ತದೆ. ಸ್ವಲ್ಪ ದೊಡ್ಡದು ಬೇಕೆಂದರೆ 2023ರ ‘ಟ್ರೆಸ್ ಆಫ್ ದ ಎಮರಾಲ್ಡ್ ಸೀ’. ಗುಟ್ಟಾಗಿ ಬರೆದಿಟ್ಟು, 2022ರಲ್ಲಿ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ ಓದುಗರಿಂದ ಹಣ ಕೂಡಿಸಿ, ಮರುವರ್ಷ ಹೊರತಂದ ನಾಲ್ಕು ಕಾದಂಬರಿಗಳಲ್ಲಿ ಒಂದು. ಹಾಯ್ಡ್ ಎಂಬ ಕಥೆಗಾರನ ಬಾಯಲ್ಲಿ ಬರುವುದರಿಂದ ಧ್ವನಿಯೇ ಬೇರೆ, ನಿಮಗೆ ಪರಿಚಿತವಾದ ಪಟ್ಟುಗಳು ಅಲ್ಲಿ ಅಷ್ಟಾಗಿ ಎದುರಾಗುವುದಿಲ್ಲ. ಇವೆರಡರಲ್ಲಿ ಒಂದನ್ನು ಓದಿಯೂ ಮನಸ್ಸು ಅರಳದಿದ್ದರೆ ಬಿಡುವನ್ನು ಇನ್ನೂ ಮೂರು ತಿಂಗಳು ಮುಂದಕ್ಕೆ ಹಾಕಿ.

ಆಮೇಲೆ ವಿಂಡ್ ಆ್ಯಂಡ್ ಟ್ರುತ್. ಹಾಳೆ ಓದಿಕೊಳ್ಳಿ, ಇಂಟರ್‌ಲ್ಯೂಡ್‌ನಿಂದ ಶುರು ಮಾಡಿ. ಪುಸ್ತಕದ ಒಂದು ದಿನಕ್ಕೆ ನಿಮ್ಮ ಎರಡು ವಾರ ಕೊಡಿ. ದಿನಗಳ ಉದ್ದ ಸಮನಾಗಿಲ್ಲ, ಆದರೂ ಸರಾಸರಿ 49,000 ಪದವೆಂದಿಟ್ಟುಕೊಂಡರೆ ದಿನವಹಿ 3,500 ಪದ, ಇಪ್ಪತ್ತು ನಿಮಿಷದ ಓದು. ಉಳಿದ ಏಳು ದಿನಗಳಿಗೆ ಹದಿನಾಲ್ಕು ವಾರ. ಜೊತೆಗೆ ಇನ್ನೊಬ್ಬ ಲೇಖಕರ ಪುಸ್ತಕವೊಂದು ಸದಾ ನಡೆಯುತ್ತಿರಲಿ, ರಾತ್ರಿ ಮಲಗುವ ಮುನ್ನದ ಓದು ಅದೇ ಆಗಿರಲಿ. ಎಂಟನೆಯ ದಿನ ದಾಟಿದ ಮೇಲೆ ಈ ಮಿತಿಯನ್ನು ಬಿಟ್ಟುಬಿಡಿ. ಕೊನೆಯ ಧಾವಂತವನ್ನು ಕಂತಿನಲ್ಲಿ ಓದುವುದು ಶಿಕ್ಷೆ, ಅದಕ್ಕೆ ಒಂದು ಪೂರ್ತಿ ಭಾನುವಾರ ಮೀಸಲಿಡಿ.

ಒಂದೇ ಎಳೆ ಬೇಸರ ತರುತ್ತಿದ್ದರೆ ಆ ಎಳೆಯ ಅಧ್ಯಾಯಗಳಲ್ಲಿ ಮೊದಲ ಪುಟ, ಕೊನೆಯ ಎರಡು ಪುಟ ಓದಿ ಮುಂದೆ ಹೋಗಬಹುದು. ಇದರಲ್ಲಿ ಅಪರಾಧವೇನೂ ಇಲ್ಲ. ಹಿಂದಿನ ಕಾಲದ ಅಧ್ಯಾಯಗಳನ್ನು ಮಾತ್ರ ಹೀಗೆ ಹಾರಿಸಬೇಡಿ. ಪ್ರತಿ ಸಂಪುಟದಲ್ಲೂ ಒಬ್ಬ ಪಾತ್ರದ ಗತಕಥೆ ಬರುತ್ತದೆ, ಈ ಸಂಪುಟದಲ್ಲಿ ಅದು ಸೆತ್‌ನದು, ಕೊನೆಯ ದಿನಗಳಲ್ಲಿ ಅವನ ನಿರ್ಧಾರಗಳು ಅದಿಲ್ಲದೆ ಅರ್ಥವಾಗುವುದಿಲ್ಲ. ಟಿಪ್ಪಣಿ ಬರೆಯುವಾಗ ‘ಸ್ಯಾಂಡರ್ಸನ್ ಪುಸ್ತಕ, ಮತ್ತೆ 30 ಪುಟ’ ಎಂದು ಬರೆಯಬೇಡಿ; ‘ಮುತ್ತಿಗೆಯ ಕಥೆ’, ‘ದಾರಿಯ ಕಥೆ’, ‘ಗೂಢಚಾರರ ಕಥೆ’ ಎಂದು ಬಿಡಿಬಿಡಿಯಾಗಿ ಬರೆಯಿರಿ. ಎಲ್ಲವನ್ನೂ ಒಂದೇ ಹೆಸರಿನಡಿ ಹಾಕಿಕೊಂಡವರಿಗೆ ಬೇಗ ಸಾಕಾಗುತ್ತದೆ, ಚಿಕ್ಕ ಚಿಕ್ಕ ಬಗೆಗಳಾಗಿ ಗುರುತಿಸಿದವರಿಗೆ ನಿಧಾನವಾಗಿ. ರೆಡನ್ ಇದನ್ನು 2008ರಲ್ಲಿ ಜೆಲ್ಲಿ ಬೀನ್ ಮಿಠಾಯಿ ತಿನ್ನಿಸಿ ತೋರಿಸಿದ್ದರು.

ಆರನೆಯ ಸಂಪುಟ ಬರುವಷ್ಟರಲ್ಲಿ ಇದನ್ನು ಮುಗಿಸಬೇಕಲ್ಲ ಎಂಬ ಅವಸರ ನಿಮಗಿದ್ದರೆ, ಅದಕ್ಕೆ ಕಾರಣವಿಲ್ಲ. ಸ್ಟಾರ್ಮ್‌ಲೈಟ್‌ನ ದ್ವಿತೀಯಾರ್ಧಕ್ಕೆ ಕೈಹಾಕುವ ಮೊದಲು ಮಿಸ್ಟ್‌ಬಾರ್ನ್‌ನ ಮೂರನೆಯ ಕಾಲಘಟ್ಟದ ಕಾದಂಬರಿಗಳನ್ನು ಬರೆಯುವುದಾಗಿ ಲೇಖಕರೇ ಹೇಳಿದ್ದಾರೆ. ಆ ನಡುವೆ ಅವರದೇ ಏನಾದರೂ ಬೇಕೆನಿಸಿದರೆ ನೀವು ಇನ್ನೂ ಓದದ ಮಿಸ್ಟ್‌ಬಾರ್ನ್‌ನ ಎರಡನೆಯ ಕಾಲಘಟ್ಟದ ನಾಲ್ಕು ಪುಸ್ತಕಗಳಿವೆ, 2011ರ ‘ದ ಅಲಾಯ್ ಆಫ್ ಲಾ’ದಿಂದ 2022ರ ‘ದ ಲಾಸ್ಟ್ ಮೆಟಲ್’ವರೆಗೆ. ಮೊದಲನೆಯದು ಚಿಕ್ಕದು, ಹಗುರವಾದದ್ದು, ಪತ್ತೇದಾರಿ ಕಥೆಯ ಜಾಡಿನದು. ವರ್ಷಕ್ಕೆ ಒಂದರಂತೆ ಓದಿ.